ಫರ್ನಿಶ್ಡ್ ಮನೆ ಬಿಡುವಾಗ ವಾರ್ಡ್ರೋಬ್ ಉಬ್ಬಿದೆ ಅಂತ 32,000 ಹಿಡಿಯುತ್ತಾರಂತೆ. ಕೊಡಬೇಕಾ?

ಕೊಡೆ ಮರೆತವಳು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ವಿನೋಬನಗರದ ಕಡೆ ಒಂದು 2 ಬಿಎಚ್‌ಕೆ ಫ್ಲಾಟಿನಲ್ಲಿ ಮೂರು ವರ್ಷದಿಂದ ಬಾಡಿಗೆಗೆ ಇದ್ದೇವೆ. ನಾನು, ಯಜಮಾನರು, ಆರು ವರ್ಷದ ಮಗಳು. ಯಜಮಾನರಿಗೆ ಹಾಸನಕ್ಕೆ ವರ್ಗ ಆಗಿದೆ. ತಿಂಗಳ ಕೊನೆಗೆ ಮನೆ ಬಿಡಬೇಕು.

ಮನೆ ಕೊಟ್ಟಿದ್ದೇ ಫುಲ್ಲಿ ಫರ್ನಿಶ್ಡ್ ಅಂತ. ಎರಡು ಮಂಚ, ಸೋಫಾ, ಊಟದ ಮೇಜು, ಟಿವಿ ಸ್ಟ್ಯಾಂಡ್, ದೊಡ್ಡ ರೂಮಿನಲ್ಲಿ ಮೂರು ಬಾಗಿಲಿನ ವಾರ್ಡ್ರೋಬ್. ಬಾಡಿಗೆ 16,000, ಅಡ್ವಾನ್ಸ್ 80,000. ಅದೇ ಬಿಲ್ಡಿಂಗಿನಲ್ಲಿ ಸಾಮಾನಿಲ್ಲದ ಫ್ಲಾಟು 12,000ಕ್ಕೆ ಸಿಗುತ್ತದೆ.

ಮೊನ್ನೆ ಓನರ್ ಮನೆ ನೋಡಲು ಬಂದರು. ವಾರ್ಡ್ರೋಬಿನ ಕೆಳಗಿನ ಹಲಗೆ ಉಬ್ಬಿದೆ, ಒಳಗೆ ಬೂಷ್ಟು ಹಿಡಿದಿದೆ. ಸೋಫಾದಲ್ಲಿ ಕಲೆ ಇದೆ. ಎಲ್ಲ ನೋಡಿ ಏನೂ ಹೇಳಲಿಲ್ಲ. ಕೂತು ಕಾಫಿ ಕುಡಿದರು, ಮಗಳ ಹತ್ತಿರ ಮಗ್ಗಿ ಹೇಳಿಸಿದರು, ಹೋದರು. ರಾತ್ರಿ ವಾಟ್ಸಾಪಿನಲ್ಲಿ ಮೆಸೇಜು: ವಾರ್ಡ್ರೋಬ್ 32,000, ಸೋಫಾ 8,000, ಒಟ್ಟು 40,000 ಅಡ್ವಾನ್ಸಿನಲ್ಲಿ ಹಿಡಿಯುತ್ತೇನೆ.

ಅರ್ಧ ಅಡ್ವಾನ್ಸು! ಕರಾರಿನಲ್ಲಿ ಇರುವುದು ಎರಡೇ ಸಾಲು. ‘ಪೀಠೋಪಕರಣ ಸಹಿತ’ ಅಂತ ಒಂದು, ‘ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು’ ಅಂತ ಇನ್ನೊಂದು. ಪಟ್ಟಿ ಇಲ್ಲ, ಫೋಟೋ ಇಲ್ಲ.

ಇನ್ನೊಂದು. ಚಿಕ್ಕ ರೂಮಿನಲ್ಲಿ ಓನರ್ ತಾಯಿಯವರ ಕಾಲದ ದೊಡ್ಡ ಮರದ ಪೆಟ್ಟಿಗೆ ಇದೆ. ಬೀಗ ಹಾಕಿದ್ದಾರೆ. ‘ಜಾಗ ಇಲ್ಲಮ್ಮ, ಇಲ್ಲೇ ಇರಲಿ’ ಅಂದಿದ್ದರು. ಮೂರು ವರ್ಷ ಅದರ ಮೇಲೆ ಮಗಳ ಪುಸ್ತಕ ಇಟ್ಟುಕೊಂಡು ಸುಧಾರಿಸಿದ್ದೇವೆ. ಅದೂ ಫರ್ನಿಚರ್ ಲೆಕ್ಕವಾ?

ನೈಟ್ ಡ್ಯೂಟಿ

ಒಂದು ರೂಪಾಯಿನೂ ಕೊಡಬೇಡಿ ಅಕ್ಕ.

ನಾನು ನರ್ಸ್. ನಾನಿದ್ದ ಫರ್ನಿಶ್ಡ್ ಮನೆಯಲ್ಲಿ ಹಾಸಿಗೆಯೂ ಸೇರಿತ್ತು. ಯಾರ್ಯಾರೋ ಮಲಗಿದ್ದ ಹಾಸಿಗೆ, ನಡುವೆ ತೊಟ್ಟಿಲಿನ ಥರ ಹಳ್ಳ. ನನ್ನ ಹಾಸಿಗೆ ತರುತ್ತೇನೆ, ಇದನ್ನು ತಗೊಂಡು ಹೋಗಿ ಅಂದೆ. ‘ಅದರ ಮೇಲೇ ಹಾಕ್ಕೊಳಮ್ಮ, ಮೆತ್ತಗಿರುತ್ತೆ’ ಅಂದರು ಓನರಮ್ಮ. ಎರಡು ವರ್ಷ ಹಾಸಿಗೆಯ ಮೇಲೆ ಹಾಸಿಗೆ. ಮಂಚ ಹತ್ತುವುದಕ್ಕೆ ಸ್ಟೂಲು ಬೇಕಿತ್ತು. ಬಿಡುವಾಗ ಕೆಳಗಿನ ಹಾಸಿಗೆಯಲ್ಲಿ ಹಳ್ಳ ಬಿದ್ದಿದೆ ಅಂತ 3,000 ಹಿಡಿದರು!

ಹೊಳೆಬದಿ ಮನೆ

ನಾನು ಓನರ್ ಪಾರ್ಟಿ. ಬೈಯೋರು ಸಾಲಾಗಿ ಬನ್ನಿ.

ಶಿವಮೊಗ್ಗದಲ್ಲಿ ಒಂದು ಫ್ಲಾಟ್ ಬಾಡಿಗೆಗೆ ಕೊಟ್ಟಿದ್ದೇನೆ. ನಾವಿರೋದು ತೀರ್ಥಹಳ್ಳಿ ಕಡೆ ತೋಟದಲ್ಲಿ. ಹಿಂದೆ ನಾಲ್ಕು ಹುಡುಗರು ಇದ್ದರು. ಊಟದ ಮೇಜಿನ ಮೇಲೆ ಇಸ್ತ್ರಿ ಮಾಡುತ್ತಿದ್ದರಂತೆ. ಮೇಜಿನ ನಡುವೆ ಇಸ್ತ್ರಿಪೆಟ್ಟಿಗೆಯ ಅಚ್ಚು ಬಿದ್ದಿದೆ, ಮೂಗಿನ ಸಮೇತ. ಕೇಳಿದರೆ ‘ಮುಂಚೆನೇ ಇತ್ತು ಸರ್’. ಮುಂಚೆ ಅದರ ಮೇಲೆ ನಾನೇ ಊಟ ಮಾಡಿದ್ದೇನೆ ಮಾರಾಯ್ರೆ!

4,000 ಜಾಸ್ತಿ ತಗೊಳ್ಳುವುದು ನಿಜ. ಆದರೆ ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಎರಡು ತಿಂಗಳು ಮನೆ ಖಾಲಿ ಇರುತ್ತದೆ. ಮಂಚದ ಹಲಗೆ, ಗೀಸರಿನ ಕಾಯಿಲ್, ಬಾಗಿಲಿನ ಚಿಲಕ, ಏನಾದರೊಂದು ಇದ್ದೇ ಇದೆ. ಮೇಡಂ, ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡಿ. ಮಳೆಗಾಲದಲ್ಲಿ ಆ ರೂಮಿನ ಕಿಟಕಿ ತೆಗೆಯುತ್ತಿದ್ದಿರಾ?

ಲೆಕ್ಕದ ಮೇಷ್ಟ್ರು

ಭಾವನೆ ಆಮೇಲೆ. ಮೊದಲು ಲೆಕ್ಕ.

ತಿಂಗಳಿಗೆ 4,000 ಬರೀ ಸಾಮಾನಿಗೆ. 36 ತಿಂಗಳಿಗೆ 1,44,000. ನೀವು ಹೇಳಿದ ಸಾಮಾನು ಸಾಧಾರಣ ದರ್ಜೆಯದಾದರೆ ಎಲ್ಲ ಸೇರಿ ಹೆಚ್ಚುಕಡಿಮೆ ಅಷ್ಟೇ ಬೆಲೆ. ಅಂದರೆ ಅದರ ದುಡ್ಡು ಓನರ್ ಕೈಗೆ ಆಗಲೇ ಬಂದಿದೆ.

ಎರಡನೆಯದು. 32,000 ಯಾವುದರ ಬೆಲೆ? ಹಳೇದರದಾ, ಇವತ್ತಿನ ಹೊಸದರದಾ? ಆದಾಯ ತೆರಿಗೆಯ ಲೆಕ್ಕದಲ್ಲಿ ಪೀಠೋಪಕರಣಕ್ಕೆ ವರ್ಷಕ್ಕೆ ಶೇ. 10 ಸವಕಳಿ ಹಾಕುತ್ತಾರೆ. ಅಂಗಡಿ, ಆಫೀಸಿನ ಲೆಕ್ಕಕ್ಕೆ ಇರುವ ನಿಯಮ ಅದು, ನಿಮ್ಮಿಬ್ಬರನ್ನು ಕಟ್ಟಿಹಾಕುವುದಿಲ್ಲ. ಆದರೆ ಮಾತಿಗೆ ಕೂರಲು ಒಂದು ಅಳತೆ ಬೇಕಲ್ವಾ? ವಾರ್ಡ್ರೋಬ್ ಯಾವಾಗ ತಂದದ್ದು, ಎಷ್ಟಕ್ಕೆ, ಮೊದಲು ತಿಳಿದುಕೊಳ್ಳಿ.

ಉಳಿ ಸುತ್ತಿಗೆ

ನಾನು ಬಡಗಿ ಕೆಲಸದವನು. ಇಪ್ಪತ್ತು ವರ್ಷದಿಂದ ಶಿವಮೊಗ್ಗ, ಸಾಗರ, ಹೊಸನಗರ ಕಡೆ ಮಾಡುತ್ತಿದ್ದೇನೆ. ದುಡ್ಡಿನ ವಿಷಯ ನೀವು ನೀವು ನೋಡಿಕೊಳ್ಳಿ. ನಾನು ಹಲಗೆ ವಿಷಯ ಹೇಳುತ್ತೇನೆ.

ನೀವು ಹೇಳುವ ವಾರ್ಡ್ರೋಬ್ ಮರದ್ದಲ್ಲ. ರೆಡಿಮೇಡ್ ಮೂರು ಬಾಗಿಲಿನದು ಹೆಚ್ಚಿನವು ಪಾರ್ಟಿಕಲ್ ಬೋರ್ಡ್. ಮರದ ಚೂರಿಗೆ ಅಂಟು ಹಾಕಿ ಒತ್ತಿದ ಹಲಗೆ. ಮೇಲೆ ಕಾಗದದಂಥ ಪದರ, ಅಂಚಿಗೆ ಪಟ್ಟಿ. ಆ ಪಟ್ಟಿ ಒಂದು ಕಡೆ ಬಿಟ್ಟರೆ ಸಾಕು, ನೀರು ಒಳಗೆ ಹೋಗುತ್ತದೆ. ಚಹಾದಲ್ಲಿ ಅದ್ದಿದ ರಸ್ಕಿನ ಥರ ಉಬ್ಬುತ್ತದೆ. ಮರ ಆದರೆ ಒಣಗಿದ ಮೇಲೆ ಸುಮಾರಾಗಿ ಮೊದಲಿನ ಹಾಗೆ ಆಗುತ್ತದೆ. ಇದು ಆಗಲ್ಲ. ಸ್ಕ್ರೂ ಹಾಕಿದರೂ ಹಿಡಿಯಲ್ಲ, ಪುಡಿ ಉದುರುತ್ತದೆ.

ಈಗ ಮುಖ್ಯ ಮಾತು. ಉಬ್ಬಿದ್ದು ಎಲ್ಲಿಂದ ಅಂತ ನೋಡಬೇಕು. ಮೂರು ರೀತಿ ಇರುತ್ತದೆ.

ಮುಂದಿನ ಕಾಲಿನ ಹತ್ತಿರ ಎರಡು ಬೆರಳಷ್ಟು ಮಾತ್ರ ಉಬ್ಬಿದ್ದರೆ, ನೆಲ ಒರೆಸುವ ನೀರು. ಅದು ಇದ್ದವರ ಕೈಯದು. ಒಳಗೆ ಬಟ್ಟೆ ಮೇಲೆ, ಬಾಗಿಲ ಮೇಲೆ ಬಿಳಿ ಬಿಳಿ ಬೂಷ್ಟು ಇದ್ದು ಹಲಗೆ ಗಟ್ಟಿ ಇದ್ದರೆ, ಅದು ಗಾಳಿ ಇಲ್ಲದ್ದು. ಒದ್ದೆ ಬಟ್ಟೆ ರೂಮಿನಲ್ಲಿ ಒಣಗಿಸಿದರೂ ಹಾಗೇ ಆಗುತ್ತದೆ. ಹಿಂದಿನ ಹಲಗೆ ಮೆತ್ತಗಾಗಿ ಹೊಟ್ಟೆ ಬಂದಿದ್ದರೆ, ಹಿಂದಿನಿಂದ ಮುಂದಕ್ಕೆ ಉಬ್ಬಿಕೊಂಡು ಬಂದಿದ್ದರೆ, ಅದು ಗೋಡೆ. ಗೋಡೆ ನೀರು ಕುಡಿಯುತ್ತಿದೆ ಅಂತ ಅರ್ಥ.

ವಾರ್ಡ್ರೋಬ್ ಖಾಲಿ ಮಾಡಿ, ಇಬ್ಬರು ಸೇರಿ ಒಂದು ಅಡಿ ಮುಂದಕ್ಕೆ ಎಳೆಯಿರಿ. ಎತ್ತಬೇಡಿ, ಕೆಳಗಿನ ಹಲಗೆ ಕೈಗೆ ಬರುತ್ತದೆ. ಗೋಡೆಗೆ ಅಂಗೈ ಇಟ್ಟು ನೋಡಿ. ಆ ಗೋಡೆಯ ಆಚೆ ಏನಿದೆ?

ಕೊಡೆ ಮರೆತವಳು

ಆಚೆ ಬಾತ್‌ರೂಮ್ ಇದೆ ಅಣ್ಣ. ಸಂಜೆ ಯಜಮಾನರು ಬಂದ ಮೇಲೆ ಎಳೆದು ನೋಡುತ್ತೇವೆ.

ಕಿಟಕಿ ವಿಷಯ ಕೇಳಿದ್ದಿರಲ್ಲ, ಸುಳ್ಳು ಯಾಕೆ ಹೇಳಲಿ. ಜುಲೈ ತಿಂಗಳಲ್ಲಿ ಆ ರೂಮಿನಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ್ದೇನೆ. ಮಗಳ ಯೂನಿಫಾರಂ ಎರಡೇ ಜೊತೆ. ಫ್ಯಾನ್ ಹಾಕಿ ರಾತ್ರಿಯೆಲ್ಲ ಬಿಟ್ಟರೂ ಬೆಳಿಗ್ಗೆ ಕಾಲರ್ ಒದ್ದೆ. ತವಾ ಮೇಲೆ ಕಾಯಿಸಿ ಹಾಕಿ ಕಳಿಸಿದ್ದೂ ಇದೆ. ಬಾಲ್ಕನಿಗೆ ಎರಚಲು ಹೊಡೆಯುತ್ತದೆ, ಹೊರಗೆ ಹಾಕುವ ಹಾಗಿಲ್ಲ.

ಸೋಫಾ ಕಲೆ ನಮ್ಮದೇ. ಮಗಳ ಇಂಕ್ ಪೆನ್ನು.

ಹೊಳೆಬದಿ ಮನೆ

ನೋಡಿ, ನಾನು ಹೇಳಿದ್ದು ಅದೇ!

ನೈಟ್ ಡ್ಯೂಟಿ

ಹೊಳೆಬದಿ ಸರ್, ತೀರ್ಥಹಳ್ಳಿಯಲ್ಲಿ ಮಳೆಗಾಲದಲ್ಲಿ ನಿಮ್ಮನೆ ಬಟ್ಟೆ ಎಲ್ಲಿ ಒಣಗುತ್ತದೆ?

ಹೊಳೆಬದಿ ಮನೆ

ಬಚ್ಚಲ ಒಲೆ ಮೇಲೆ ಬಿದಿರ ಗಳ ಕಟ್ಟಿದ್ದೇವೆ. ಹೊಗೆ ವಾಸನೆ ಬರುತ್ತದೆ, ಬೂಷ್ಟು ಬರಲ್ಲ. ಫ್ಲಾಟಿನಲ್ಲಿ ಒಲೆ ಇಲ್ಲ, ಅದನ್ನು ಒಪ್ಪುತ್ತೇನೆ.

ಅಡಿಕೆ ಚೊಗರು

ವಿಷಯ ಬಿಟ್ಟು ಸ್ವಲ್ಪ ಆಚೆ ಹೋಗುತ್ತೇನೆ, ಕ್ಷಮಿಸಿ. ನಾವಿದ್ದ ಮನೆಯಲ್ಲಿ ಸೋಫಾಕ್ಕೆ ಅಂಗಡಿಯ ಪ್ಲಾಸ್ಟಿಕ್ ಹಾಗೇ ಇತ್ತು. ತೆಗೆಯಬಾರದು ಅಂತ ಓನರ್ ಕಟ್ಟಪ್ಪಣೆ. ಬೇಸಿಗೆಯಲ್ಲಿ ಕೂತರೆ ತೊಡೆ ಅಂಟಿಕೊಂಡು ಏಳುವಾಗ ಪರ್ ಅಂತ ಸದ್ದು. ನೆಂಟರು ಬಂದರೆ ಮರ್ಯಾದೆ ಹೋಗುತ್ತಿತ್ತು. ಎರಡು ಮಳೆಗಾಲ ಕಳೆದ ಮೇಲೆ ಓನರ್ ಅವರೇ ಪ್ಲಾಸ್ಟಿಕ್ ಎತ್ತಿ ನೋಡಿದರು. ಒಳಗೆಲ್ಲ ಹಸಿರು ಬೂಷ್ಟು. ಬಟ್ಟೆಗೆ ಉಸಿರಾಡಲು ಜಾಗವೇ ಇರಲಿಲ್ಲ. ಕಾಪಾಡಲು ಹೋಗಿ ಕೊಳೆಸಿದ್ದು. ಅವತ್ತು ಅವರ ಮುಖ ನೋಡಿ ಪಾಪ ಅನ್ನಿಸಿತು. ನಮ್ಮ ಹತ್ತಿರ ಒಂದು ಪೈಸೆ ಕೇಳಲಿಲ್ಲ.

ಕರಿ ಕೋಟು

ವಕೀಲಿ ವೃತ್ತಿಯಲ್ಲಿದ್ದೇನೆ. ಸಾಮಾನ್ಯವಾಗಿ ಹೇಳುತ್ತೇನೆ, ನಿಮ್ಮ ಕರಾರು ನೋಡದೆ ಖಡಾಖಂಡಿತ ಹೇಳಲು ಬರುವುದಿಲ್ಲ.

ತಿಂಗಳ ಬಾಡಿಗೆ 3,500 ದಾಟಿದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯ ಆಗುವುದಿಲ್ಲ. ಹಾಗಾಗಿ ಇಂದಿನ ಹೆಚ್ಚಿನ ಮನೆಗಳಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಅದರ 108ನೇ ಕಲಮಿನಲ್ಲಿ, ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು ಅಂತ ಇರುವುದು ನಿಜ. ಆದರೆ ಅದೇ ಉಸಿರಿನಲ್ಲಿ, ಸಾಧಾರಣ ಬಳಕೆಯಿಂದ ಆಗುವ ಸವೆತವನ್ನು ಬಿಟ್ಟು ಅಂತಲೂ ಇದೆ. ಓನರುಗಳು ಮೊದಲ ಅರ್ಧ ಓದುತ್ತಾರೆ, ಬಾಡಿಗೆಯವರು ಎರಡನೇ ಅರ್ಧ.

ಅದು ಮನೆಯ ಮಾತಾಯಿತು. ಸೋಫಾ, ವಾರ್ಡ್ರೋಬು ಮನೆಯ ಭಾಗವಲ್ಲ, ಎತ್ತಿಡುವ ಸಾಮಾನು. ಬಾಡಿಗೆಗೆ ಕೊಟ್ಟ ಸಾಮಾನಿಗೆ 1872ರ ಕರಾರು ಕಾಯ್ದೆ ನೋಡಬೇಕು. 151ನೇ ಕಲಮು ಕೇಳುವುದು ಇಷ್ಟೇ: ಸಾಮಾನ್ಯ ವಿವೇಕ ಇರುವವರು ತಮ್ಮ ಸ್ವಂತ ಸಾಮಾನನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ನೋಡಿಕೊಂಡಿರಬೇಕು. ಅಷ್ಟು ನೋಡಿಕೊಂಡೂ ಹಾಳಾದರೆ, ಬೇರೆ ಕರಾರು ಇಲ್ಲದಿದ್ದರೆ ನಷ್ಟ ನಿಮ್ಮದಲ್ಲ ಅಂತ 152 ಹೇಳುತ್ತದೆ.

ಗೋಡೆಯಿಂದ ನೀರು ಬಂದು ಹಾಳಾಗಿದ್ದರೆ ನಿಮ್ಮ ಜೋಪಾನದ ಪ್ರಶ್ನೆಯೇ ಬರುವುದಿಲ್ಲ. ಆದ್ದರಿಂದ ಬಡಗಿ ಅಣ್ಣ ಹೇಳಿದ ಪರೀಕ್ಷೆ ಮೊದಲು ಮಾಡಿ. ವಿಡಿಯೋ ಇಟ್ಟುಕೊಂಡು ಎಳೆಯಿರಿ.

ಹಾಸ್ಟೆಲ್ ಬಿಟ್ಟವ

2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಅಡ್ವಾನ್ಸು ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಇರಬಾರದು ಅಂತ ಇದೆ. ಇವರ ಹತ್ತಿರ ಐದು ತಿಂಗಳದ್ದು ತಗೊಂಡಿದ್ದಾರೆ. ಅದನ್ನೇ ಹಿಡಿದು ಕೇಳಬಹುದಲ್ವಾ?

ಕರಿ ಕೋಟು

ಬೇಡ. ಹೆಸರಲ್ಲೇ ಇದೆಯಲ್ಲ, ಮಾದರಿ ಅಂತ. ರಾಜ್ಯ ತನ್ನದೇ ಕಾನೂನು ಮಾಡಿದರೆ ಮಾತ್ರ ಅದಕ್ಕೆ ಹಲ್ಲು ಬರುತ್ತದೆ. ಆದರೆ ಅದರ ಪಟ್ಟಿಯಲ್ಲಿ ಯಾವ ರಿಪೇರಿ ಯಾರದ್ದು ಅಂತ ಹಂಚಿರುವುದು ನೋಡಲು ಚೆನ್ನಾಗಿದೆ. ನಲ್ಲಿಯ ವಾಷರ್, ಗೀಸರ್, ಸ್ವಿಚ್ಚು, ಚಿಲಕ ಬಾಡಿಗೆಯವರಿಗೆ. ಪೈಪ್ ಬದಲಿಸುವುದು, ವೈರಿಂಗ್, ಸುಣ್ಣಬಣ್ಣ ಓನರಿಗೆ. ಹೊಸ ಕರಾರು ಬರೆಯುವವರು ಅದನ್ನು ಎದುರಿಗೆ ಇಟ್ಟುಕೊಂಡು ಬರೆಯಬಹುದು.

ಹೊಳೆಬದಿ ಮನೆ

ಗೀಸರ್ ಬಾಡಿಗೆಯವರಿಗಾ! ಇಷ್ಟು ವರ್ಷ ನಾನೇ ಮಾಡಿಸಿಕೊಟ್ಟಿದ್ದೇನೆ.

ಕೊಡೆ ಮರೆತವಳು

ನಿನ್ನೆ ರಾತ್ರಿ ವಾರ್ಡ್ರೋಬ್ ಎಳೆದೆವು. ಫೋಟೋ ಹಾಕಲು ಗೊತ್ತಾಗುತ್ತಿಲ್ಲ, ಬರೆಯುತ್ತೇನೆ.

ಅಣ್ಣ ಹೇಳಿದ ಹಾಗೇ ಇದೆ. ಹಿಂದಿನ ಹಲಗೆಗೆ ಹೊಟ್ಟೆ ಬಂದಿದೆ. ಬೆರಳು ಒತ್ತಿದರೆ ಒಳಗೆ ಹೋಗುತ್ತದೆ, ಬೆರಳಿಗೆ ಒದ್ದೆ ಹುಡಿ ಅಂಟುತ್ತದೆ. ಗೋಡೆಯಲ್ಲಿ ನೆಲದಿಂದ ಮೊಣಕಾಲಿನವರೆಗೆ ಬಣ್ಣ ಹಪ್ಪಳದ ಥರ ಎದ್ದಿದೆ. ಮುಟ್ಟಿದರೆ ತಣ್ಣಗೆ. ಅದರ ಮೇಲೆ ಗೋಡೆ ಒಣಗಿಯೇ ಇದೆ. ಬೂಷ್ಟಿನ ವಾಸನೆಗೆ ಮಗಳು ಮೂಗು ಮುಚ್ಚಿಕೊಂಡು ಓಡಿದಳು. ಮೂರು ವರ್ಷ ಅದರ ಮುಂದೆಯೇ ಮಲಗಿದ್ದೆವಲ್ಲ ಅಂತ ನನಗೆ ಒಂಥರಾ ಆಯಿತು.

ಇನ್ನೊಂದು ಸಿಕ್ಕಿತು. ಕೆಳಗಿನ ಡ್ರಾಯರ್ ಪೂರ್ತಿ ಹೊರಗೆ ತೆಗೆದಾಗ ಅದರ ಹಿಂದೆ ಮಡಿಸಿದ ಕಾಗದ. ಅಂಗಡಿ ಬಿಲ್ಲು! ನಾವು ಬರುವ ಎರಡು ವರ್ಷ ಮೊದಲಿನ ತಾರೀಖು. ಬೆಲೆ 27,500.

ಲೆಕ್ಕದ ಮೇಷ್ಟ್ರು

ಬಂತು ನೋಡಿ. ಹಾಗಾದರೆ ಐದು ವರ್ಷದ ಸಾಮಾನು. ವರ್ಷಕ್ಕೆ ಶೇ. 10ರಂತೆ ಇಳಿಸುತ್ತ ಹೋದರೆ 24,750, 22,275, 20,048, 18,043, ಕೊನೆಗೆ 16,239. ತಪ್ಪು ಪೂರ್ತಿ ನಿಮ್ಮದೇ ಆಗಿದ್ದರೂ ಅದಕ್ಕಿಂತ ಮೇಲೆ ಕೇಳುವುದು ನ್ಯಾಯವಲ್ಲ. 32,000 ಅಂದರೆ ನಿಮ್ಮ ದುಡ್ಡಲ್ಲಿ ಅವರಿಗೆ ಹೊಸ ವಾರ್ಡ್ರೋಬು.

ಉಳಿ ಸುತ್ತಿಗೆ

ಮೇಷ್ಟ್ರೇ, ನಿಮ್ಮ 16,239 ಕಾಗದದ ಮೇಲೆ ಸರಿ. ಐದು ಮಳೆಗಾಲ ಕಂಡ ಪಾರ್ಟಿಕಲ್ ಬೋರ್ಡಿಗೆ ಗುಜರಿಯವನು ಬಾಗಿಲ ಹಿಡಿ, ಕನ್ನಡಿ ಮಾತ್ರ ತಗೊಳ್ಳುತ್ತಾನೆ. ನನ್ನ ಕಣ್ಣಲ್ಲಿ ಅದು ಐದಾರು ವರ್ಷದ ಸಾಮಾನೇ. ಆಗುಂಬೆಯ ಮಳೆ ಇಲ್ಲಿಗೆ ಬರಲ್ಲ ನಿಜ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ಥಂಡಿ ಇದ್ದೇ ಇರುತ್ತದೆ.

ಬಾಡಿಗೆಗೆ ಕೊಡುವವರಿಗೆ ಒಂದು ಮಾತು. ಕಬ್ಬಿಣದ ಬೀರು ಇಡಿ. ಇಲ್ಲ ಪ್ಲೈವುಡ್‌ನಲ್ಲಿ ಮಾಡಿಸಿ. ಹಲಗೆ ಮೇಲೆ ಐಎಸ್ 303 ಅಂತ ಇದ್ದರೆ ಸಾಧಾರಣ ಬಳಕೆಯದು, ಐಎಸ್ 710 ಅಂತ ಇದ್ದರೆ ನೀರು ತಡೆಯುವ ಮೆರೈನ್ ಪ್ಲೈ. ಬೆಲೆ ಜಾಸ್ತಿ. ಬಾತ್‌ರೂಮಿನ ಗೋಡೆಗೆ ಆನಿಸಿ ಎಂಥದ್ದನ್ನೂ ಇಡಬೇಡಿ. ಗೋಡೆಗೂ ಸಾಮಾನಿಗೂ ನಡುವೆ ಮೂರು ಬೆರಳು ಜಾಗ ಬಿಡಿ, ನೆಲಕ್ಕೆ ತಾಗದ ಹಾಗೆ ಕಾಲಿನ ಕೆಳಗೆ ಬುಷ್ ಹಾಕಿ.

ಅಂದಹಾಗೆ ಮೇಡಂ, ಆ ಬೀಗ ಹಾಕಿದ ಪೆಟ್ಟಿಗೆ ಯಾವ ಮರದ್ದು? ಅದಕ್ಕೆ ಏನೂ ಆಗಿಲ್ಲವಾ?

ಕೊಡೆ ಮರೆತವಳು

ಮರ ಯಾವುದೋ ಗೊತ್ತಿಲ್ಲ. ಅರಿಸಿನ ಬಣ್ಣ ಕಪ್ಪಿಗೆ ತಿರುಗಿದ ಹಾಗಿದೆ. ಏನೂ ಆಗಿಲ್ಲ.

ಉಳಿ ಸುತ್ತಿಗೆ

ಹಲಸು ಇರಬೇಕು. ಅದನ್ನು ಫರ್ನಿಚರ್ ಲೆಕ್ಕಕ್ಕೆ ಸೇರಿಸಿಕೊಂಡು ಹಾಸನಕ್ಕೆ ತಗೊಂಡು ಹೋಗಿ.

ಕರಿ ಕೋಟು

ತಮಾಷೆಗೂ ಹಾಗೆ ಹೇಳಬೇಡಿ. ಬೀಗ ಹಾಕಿದ ಪೆಟ್ಟಿಗೆ ನಿಮಗೆ ಬಾಡಿಗೆಗೆ ಕೊಟ್ಟದ್ದಲ್ಲ, ನಿಮ್ಮ ಬಾಡಿಗೆ ಜಾಗದಲ್ಲಿ ಅವರು ಇಟ್ಟುಕೊಂಡದ್ದು. ಮುಟ್ಟಬೇಡಿ. ಬಿಡುವ ದಿನ ಅವರ ಎದುರೇ ಬೀಗ ತೆಗೆಸಿ ನೋಡಿಸಿ.

ಮೆಸೇಜಿಗೆ ಉತ್ತರ ಬರಹದಲ್ಲೇ ಕೊಡಿ, ಫೋನಿನಲ್ಲಿ ಬೇಡ. ವಿಡಿಯೋ, ಬಿಲ್ಲಿನ ಫೋಟೋ ಹಾಕಿ, ಪ್ಲಂಬರ್ ಕರೆದುಕೊಂಡು ಬನ್ನಿ ಅಂತ ಕೇಳಿ. ಒಪ್ಪದಿದ್ದರೆ ಕೋರ್ಟಿಗೆ ಓಡುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಕೋರ್ಟ್ ಫೀ ಇಲ್ಲ.

ಹೊಳೆಬದಿ ಮನೆ

ಓನರ್ ಆಗಿ ಹೇಳುತ್ತೇನೆ ಮೇಡಂ. ಮೆಸೇಜಿನಲ್ಲಿ ಕಲಮು, ಕಾಯ್ದೆ ಎಲ್ಲ ಮೊದಲೇ ಹಾಕಬೇಡಿ. ನನಗೆ ಯಾರಾದರೂ ಹಾಗೆ ಕಳಿಸಿದರೆ ಹಟ ಬರುತ್ತದೆ. ‘ಗೋಡೆ ಒದ್ದೆ ಇದೆ, ನೀವೊಮ್ಮೆ ಬಂದು ನೋಡಿ, ಹೀಗೇ ಬಿಟ್ಟರೆ ನಿಮ್ಮ ಮನೆಗೇ ಹಾಳು’ ಅಂತ ಹಾಕಿ. ಅವರಿಗೆ ವಾರ್ಡ್ರೋಬಿಗಿಂತ ಗೋಡೆ ಹೆಚ್ಚು. ಸೋಫಾ ಕಲೆ ನಮ್ಮದೇ ಅಂತ ಮೊದಲ ಸಾಲಿನಲ್ಲೇ ಒಪ್ಪಿಕೊಳ್ಳಿ.

ನೈಟ್ ಡ್ಯೂಟಿ

ಹೊಳೆಬದಿ ಸರ್, ನಿಮ್ಮ ಫ್ಲಾಟ್ ಖಾಲಿ ಆದರೆ ಹೇಳಿ.

ಕೊಡೆ ಮರೆತವಳು

ತಡವಾಯಿತು, ಸಾಮಾನು ಕಟ್ಟುವ ಗಡಿಬಿಡಿ.

ಹೊಳೆಬದಿ ಸರ್ ಹೇಳಿದ ಹಾಗೇ ಮೆಸೇಜ್ ಹಾಕಿದೆ. ಒಂದು ದಿನ ಉತ್ತರ ಇಲ್ಲ. ಮಾರನೇ ದಿನ ಪ್ಲಂಬರ್ ಜೊತೆ ಬಂದರು, ಮುಖ ಗಂಟಿಕ್ಕಿಕೊಂಡೇ. ಪ್ಲಂಬರ್ ಬಾತ್‌ರೂಮಿನಲ್ಲಿ ಎರಡು ಟೈಲ್ಸ್ ಒಡೆದ. ಒಳಗೆ ಪೈಪಿನ ಜಾಯಿಂಟಿನಿಂದ ಹನಿ ಹನಿ. ಪ್ಲಂಬರ್ ‘ಇದು ಇವತ್ತಿನದಲ್ಲ ಸರ್’ ಅಂದ. ಓನರ್ ಬಾಗಿ ತುಂಬಾ ಹೊತ್ತು ಅದನ್ನೇ ನೋಡುತ್ತಿದ್ದರು.

ಬಿಲ್ ತೋರಿಸಿದೆ. ‘ಈಗಿನ ರೇಟು ಕೇಳಿದ್ದೆ’ ಅಂದರು, ಅಷ್ಟೇ. ವಾರ್ಡ್ರೋಬಿನ ದುಡ್ಡು ಬಿಟ್ಟರು. ಸೋಫಾದ ಬಟ್ಟೆ ಬದಲಿಸಲು 8,000 ಬೇಡ, ಎರಡು ಕುಶನ್ನಿಗೆ ಮಾತ್ರ ಸಾಕು ಅಂತ ಮಾತಾಡಿ 4,000ಕ್ಕೆ ಇಳಿಸಿದೆವು. ಉಳಿದ 76,000ದಲ್ಲಿ 50,000 ಅವತ್ತೇ ಹಾಕಿದರು. ಮಿಕ್ಕಿದ್ದು ಹೊಸಬರು ಬಂದ ಮೇಲೆ ಅಂತ. ಅದಕ್ಕೆ ಚೀಟಿ ಬರೆಸಿಕೊಂಡಿದ್ದೇನೆ, ಕರಿ ಕೋಟು ಸರ್ ಬೈಯಬಾರದು.

ಪೆಟ್ಟಿಗೆ ಅವರ ಎದುರೇ ತೆಗೆಸಿದೆವು. ಬೀಗ ತುಕ್ಕು ಹಿಡಿದು ಎಣ್ಣೆ ಬಿಡಬೇಕಾಯಿತು. ಒಳಗೆ ಹಿತ್ತಾಳೆ ಸೇರು, ಪಾವು, ಒಂದು ಕಂಬಳಿ, ದಾರದಲ್ಲಿ ಪೋಣಿಸಿದ ಹಳೇ ಅಡಿಕೆ ಮಂಡಿ ಚೀಟಿಗಳು. ಕಾಗದ ಗರಿಗರಿ ಇತ್ತು. ಓನರ್ ಒಂದೊಂದೇ ಚೀಟಿ ತಿರುವಿ ಓದುತ್ತ ನೆಲದ ಮೇಲೆ ಕೂತುಬಿಟ್ಟರು. ನಾನು ಇನ್ನೊಂದು ಲೋಟ ಕಾಫಿ ಕೊಟ್ಟೆ. ಹೋಗುವಾಗ ‘ಇದರ ಮೇಲೆ ಏನಮ್ಮ ಇಡುತ್ತಿದ್ದೆ’ ಅಂತ ಕೇಳಿದರು. ಪುಸ್ತಕ ಅಂದೆ.

ಉಳಿ ಸುತ್ತಿಗೆ

ಹಲಸು ಹೌದೋ ಅಲ್ವೋ ಕೇಳಿದಿರಾ?

ಕೊಡೆ ಮರೆತವಳು

ಕೇಳಿದೆ ಅಣ್ಣ. ಹಲಸೇ ಅಂತೆ. ಅವರ ಹಿತ್ತಲಿನ ಮರ.

ಹಾಸ್ಟೆಲ್ ಬಿಟ್ಟವ

ಮೇಡಂ, ಆ ಮನೆ ಖಾಲಿ ಇದೆಯಾ ಈಗ? ಪೈಪ್ ರಿಪೇರಿ ಪೂರ್ತಿ ಆಯಿತಾ? ನಮಗೆ ವಾರ್ಡ್ರೋಬ್ ಇಲ್ಲದಿದ್ದರೂ ನಡೆಯುತ್ತದೆ, ಬಾಡಿಗೆ ಸ್ವಲ್ಪ ಕಡಿಮೆ ಮಾಡುತ್ತಾರಾ ಕೇಳಿ.